ಬಣ್ಣ ಸುಲಿದಾಗ ಕಾಣುವ ಊರು: ವಿಲೆಮ್‌ಸ್ಟಾಡ್‌ನ ಪದರಚಿತ್ರ ಮಾಡುವ ಕ್ರಮ

ಕೆರಿಬಿಯನ್ ಸಮುದ್ರದ ಕುರಸಾವೊ ದ್ವೀಪದ ರಾಜಧಾನಿಯಾದ ವಿಲೆಮ್‌ಸ್ಟಾಡ್ ಎಂದೊಡನೆ ಕಣ್ಣಿಗೆ ಬರುವುದು ಹಾಂಡೆಲ್ಸ್‌ಕಾಡೆ ಎಂಬ ದಕ್ಕೆಯುದ್ದಕ್ಕೂ ಒತ್ತೊತ್ತಾಗಿ ನಿಂತಿರುವ ಹಳದಿ, ನೀಲಿ, ಗುಲಾಬಿ, ಹಸಿರು ಬಣ್ಣದ ಡಚ್ ಮಾದರಿಯ ಕಟ್ಟಡಗಳ ಸಾಲು. ಅದನ್ನಷ್ಟೇ ಬಿಡಿಸುವುದಾದರೆ ಒಂದು ಕ್ಯಾನ್ವಾಸು, ನಾಲ್ಕು ಟ್ಯೂಬು ಬಣ್ಣ ಸಾಕು; ಕ್ಯಾಲೆಂಡರಿಗೆ ಒಪ್ಪುವಂಥ ಚಿತ್ರವೂ ಆಗುತ್ತದೆ. ಆದರೆ ಆ ಬಣ್ಣಗಳ ಹಿಂದೆ 1817ರ ಒಂದು ಸರಕಾರಿ ಆಜ್ಞೆಯಿದೆ, ಅವುಗಳ ಕೆಳಗೆ ಬಿಳಿ ಸುಣ್ಣವಿದೆ, ಸುಣ್ಣದ ಕೆಳಗೆ ಹವಳಕಲ್ಲಿನ ಗೋಡೆಯಿದೆ, ಇಡೀ ಊರಿನ ಬುಡದಲ್ಲಿ ಮನುಷ್ಯರನ್ನು ಕೊಂಡು ಮಾರಿದ ವ್ಯಾಪಾರವಿದೆ. ಇವೆಲ್ಲವೂ ಒಂದೇ ಹಲಗೆಯ ಮೇಲೆ ಬರಬೇಕಾದರೆ, ಒಂದರ ಮೇಲೊಂದು ಪದರ ಹಚ್ಚಿ, ಅಲ್ಲಲ್ಲಿ ಕೆರೆದು ಕೆಳಗಿನದನ್ನು ತೋರಿಸುವ ಪದರಚಿತ್ರವೇ ತಕ್ಕ ಮಾಧ್ಯಮ. ಅದನ್ನು ಮುಂಬಯಿಯ ಸಣ್ಣ ಫ್ಲ್ಯಾಟಿನಲ್ಲಿ, ಇಲ್ಲಿ ಸಿಗುವ ಸಾಮಗ್ರಿಗಳಿಂದ, ಇಲ್ಲಿನ ಹವೆಗೆ ತಡೆದುಕೊಳ್ಳುವಂತೆ ಮಾಡುವ ಕ್ರಮವನ್ನು ಮುಂದೆ ವಿವರಿಸಿದ್ದೇನೆ.

ಅಷ್ಟು ದೂರದ ಊರು ನಮಗೇಕೆ ಎಂದು ಕೇಳುವವರು ಇರುತ್ತಾರೆ. ಸಮುದ್ರದ ಬಾಯಿಗೆ ಕೋಟೆ, ಕೋಟೆಯೊಳಗೆ ವರ್ತಕರ ಪೇಟೆ, ಪೇಟೆ ಹಿಗ್ಗಿದಾಗ ಕೆಡವಿದ ಗೋಡೆ: ಈ ಕಥೆ ಮುಂಬಯಿಯ ಫೋರ್ಟ್ ಭಾಗದಲ್ಲಿ ದಿನಾಲೂ ಓಡಾಡುವವರಿಗೆ ಅಪರಿಚಿತವೇನಲ್ಲ. ಮುಂಬಯಿಯ ಕೋಟೆಗೋಡೆಯನ್ನು ಗವರ್ನರ್ ಬಾರ್ಟಲ್ ಫ್ರಿಯರ್ ಕೆಡವಿಸಿದ್ದು 1860ರ ದಶಕದಲ್ಲಿ; ವಿಲೆಮ್‌ಸ್ಟಾಡ್‌ನ ಹಳೆಯ ಪೇಟೆಯಾದ ಪುಂಡಾದ ಸುತ್ತಣ ಗೋಡೆ ಉರುಳಿದ್ದೂ ಅದೇ ದಶಕದಲ್ಲಿ. ಹಾಗೆಂದು ಎರಡೂ ಊರುಗಳ ಚರಿತ್ರೆ ಒಂದೇ ಅಲ್ಲ, ಅದನ್ನು ಒಂದೇ ಮಾಡಲು ಹೋಗಲೂಬಾರದು. ನಮ್ಮ ಊರಿನ ಕಟ್ಟಡಗಳನ್ನು ನೋಡಿ ಪಳಗಿದ ಕಣ್ಣು ಆ ಊರನ್ನು ಓದಲು ನೆರವಾಗುತ್ತದೆ ಎಂಬಷ್ಟು ಮಾತ್ರ ನನ್ನ ಅಭಿಪ್ರಾಯ.

ಕೈಗೆ ಬಣ್ಣ ತಾಗುವ ಮುನ್ನ

ಪದರಚಿತ್ರದಲ್ಲಿ ಹೊಸಬರು ಮೊದಲು ಯೋಚಿಸುವುದು ಯಾವುದರ ಮೇಲೆ ಯಾವುದನ್ನು ಅಂಟಿಸಬೇಕು ಎಂದು. ಯೋಚಿಸಬೇಕಾದದ್ದು ಯಾವುದನ್ನು ಎಲ್ಲಿ ಕೆರೆದು ತೆಗೆಯಬೇಕು ಎಂದು. ಕೊನೆಯಲ್ಲಿ ನೋಡುವವರ ಕಣ್ಣಿಗೆ ಬೀಳುವುದು ಮೇಲಿನ ಪದರ ಮತ್ತು ಅದರಲ್ಲಿ ನೀವು ಉಳಿಸಿದ ಕಿಂಡಿಗಳು ಮಾತ್ರ; ಕಿಂಡಿಯ ಕೆಳಗೆ ಏನೂ ಇಲ್ಲದಿದ್ದರೆ ಅದು ಬರಿಯ ಹಳತಾದ ಗೋಡೆಯ ನೋಟವಾಗುತ್ತದೆ, ಚರಿತ್ರೆ ಆಗುವುದಿಲ್ಲ. ಆದ್ದರಿಂದ ಹಲಗೆಯ ಅಳತೆಯದೇ ಒಂದು ಕಾಗದ ತೆಗೆದುಕೊಂಡು, ಎಲ್ಲೆಲ್ಲಿ ಬಣ್ಣ ಸುಲಿಯುತ್ತದೆ, ಅಲ್ಲಿ ಯಾವ ಕಾಲ ಇಣುಕುತ್ತದೆ ಎಂಬ ನಕ್ಷೆಯನ್ನು ಪೆನ್ಸಿಲಿನಲ್ಲಿ ಮೊದಲೇ ಬರೆದಿಟ್ಟುಕೊಳ್ಳಬೇಕು. ಈ ಕಾಗದವನ್ನು ಕೆಲಸ ಮುಗಿಯುವವರೆಗೂ ಎದುರಿಗೇ ಇಟ್ಟುಕೊಳ್ಳಿ.

ಇನ್ನು ಕಾಲಗಳ ಆಯ್ಕೆ. ಕುರಸಾವೊದ ಮೂಲನಿವಾಸಿಗಳಾದ ಕಾಕೆಟಿಯೊ ಜನರ ನಡುವೆ ಸ್ಪೇನಿನ ಹಡಗುಗಳು ಬಂದಿಳಿದದ್ದು 1499ರಲ್ಲಿ. 1634ರಲ್ಲಿ ಡಚ್ ವೆಸ್ಟ್ ಇಂಡಿಯಾ ಕಂಪನಿ ದ್ವೀಪವನ್ನು ಸ್ಪೇನಿನ ಕೈಯಿಂದ ಕಿತ್ತುಕೊಂಡು, ಮರುವರ್ಷವೇ ಕೊಲ್ಲಿಯ ಬಾಯಲ್ಲಿ ಆಮ್‌ಸ್ಟರ್‌ಡಾಂ ಕೋಟೆಯನ್ನು ಕಟ್ಟತೊಡಗಿತು. ಒಣಭೂಮಿಯಾದ ಆ ದ್ವೀಪದಲ್ಲಿ ದೊಡ್ಡ ಕಬ್ಬಿನ ತೋಟಗಳು ಬೆಳೆಯಲಿಲ್ಲ; ಕಂಪನಿಗೆ ಬೇಕಾಗಿದ್ದದ್ದು ಅಲ್ಲಿನ ಆಳವಾದ ಬಂದರು. 1660ರ ದಶಕದಿಂದ ಸ್ಪ್ಯಾನಿಷ್ ವಸಾಹತುಗಳಿಗೆ ಗುಲಾಮರನ್ನು ಒದಗಿಸುವ ವ್ಯವಹಾರದಲ್ಲಿ ಈ ಬಂದರು ಮುಖ್ಯ ಸಂತೆಯಾಯಿತು. ಆಫ್ರಿಕದಿಂದ ತಂದವರನ್ನು ಇಲ್ಲಿ ಇಳಿಸಿ, ಮತ್ತೆ ಹಡಗು ಹತ್ತಿಸಿ ಮಾರಲಾಗುತ್ತಿತ್ತು. 1675ರಲ್ಲಿ ಅದು ಮುಕ್ತ ಬಂದರೆಂದು ಘೋಷಿತವಾಯಿತು. ಕೊಲ್ಲಿಯ ಪಶ್ಚಿಮ ದಡದ ಓಟ್ರೊಬಾಂಡಾ 1707ರಿಂದ ಬೆಳೆಯತೊಡಗಿತು. ಆಮ್‌ಸ್ಟರ್‌ಡಾಮಿನಿಂದ ಬಂದು ನೆಲೆಸಿದ್ದ ಸೆಫಾರ್ಡಿ (ಸ್ಪೇನ್, ಪೋರ್ಚುಗಲ್ ಮೂಲದ) ಯಹೂದ್ಯರು 1732ರಲ್ಲಿ ಕಟ್ಟಿ ಮುಗಿಸಿದ ಮಿಕ್ವೆ ಇಸ್ರೇಲ್ ಸಿನಗಾಗ್, ನೆಲಕ್ಕೆ ಮರಳು ಹಾಸಿಕೊಂಡು, ಇಂದಿಗೂ ಪ್ರಾರ್ಥನೆ ನಡೆಯುವ ಮಂದಿರವಾಗಿ ಉಳಿದಿದೆ. 1795ರ ಆಗಸ್ಟ್ 17ರಂದು ಕೆನೆಪಾ ತೋಟದಲ್ಲಿ ಟುಲಾನ ಮುಂದಾಳುತನದಲ್ಲಿ ಗುಲಾಮರು ದಂಗೆಯೆದ್ದರು. ಗುಲಾಮಗಿರಿ ಕಾನೂನಿನಲ್ಲಿ ಕೊನೆಗೊಂಡದ್ದು 1863ರ ಜುಲೈ 1ರಂದು. ಮುಂದೆ 1888ರಲ್ಲಿ ತೇಲುಸೇತುವೆ, 1918ರಲ್ಲಿ ತೈಲ ಸಂಸ್ಕರಣಾಗಾರ, 1969ರ ಮೇ 30ರಂದು ಕಾರ್ಮಿಕರ ಮುಷ್ಕರದಿಂದ ಹೊತ್ತಿಕೊಂಡು ಪೇಟೆಯ ಕಟ್ಟಡಗಳನ್ನು ಸುಟ್ಟ ಬೆಂಕಿ, 1997ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ.

ಇಷ್ಟನ್ನೂ ಒಂದೇ ಚಿತ್ರದಲ್ಲಿ ತುರುಕಿದರೆ ಅದು ಶಾಲೆಯ ಗೋಡೆಗೆ ತೂಗುಹಾಕುವ ಚಾರ್ಟ್ ಆಗುತ್ತದೆ. ಐದು ಪದರಗಳನ್ನು ಇಟ್ಟುಕೊಳ್ಳಿ: ಕಲ್ಲು, ನಕ್ಷೆ, ಹೆಸರುಗಳು, ಬಿಳಿ ಸುಣ್ಣ, ಬಣ್ಣ. ಉಳಿದದ್ದರಲ್ಲಿ ಒಂದೋ ಎರಡೋ ಸಣ್ಣ ಗುರುತುಗಳಾಗಿ ಬರಲಿ.

ಚಿತ್ರಗಳಿಗಾಗಿ ಪ್ರವಾಸಿಗರ ಫೋಟೋಗಳನ್ನು ಮುಟ್ಟದಿರುವುದು ಒಳ್ಳೆಯದು. ಅವು ಬೇರೆಯವರ ಸ್ವತ್ತು, ಅಲ್ಲದೆ ಎಲ್ಲವೂ ಒಂದೇ ಕೋನದವು. ಆಮ್‌ಸ್ಟರ್‌ಡಾಮಿನ ರೈಕ್ಸ್ ಮ್ಯೂಸಿಯಂ ತನ್ನ ಹಳೆಯ ಮುದ್ರಣಗಳನ್ನೂ ರೇಖಾಚಿತ್ರಗಳನ್ನೂ ದೊಡ್ಡ ಗಾತ್ರದಲ್ಲಿ ಯಾರು ಬೇಕಾದರೂ ಬಳಸುವಂತೆ ಜಾಲತಾಣದಲ್ಲಿ ಬಿಟ್ಟಿದೆ. ನೆದರ್‌ಲೆಂಡ್ಸಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಕೋಟೆ ಮತ್ತು ಬಂದರಿನ ಹಳೆಯ ನಕ್ಷೆಗಳು ಸಿಗುತ್ತವೆ. ಅದೇ ಪತ್ರಾಗಾರ ಕುರಸಾವೊದ ಪತ್ರಾಗಾರದೊಂದಿಗೆ ಸೇರಿ, 1839ರಿಂದ 1863ರವರೆಗಿನ ಗುಲಾಮರ ನೋಂದಣಿ ಪುಸ್ತಕಗಳನ್ನೂ ಅಂತರಜಾಲದಲ್ಲಿ ಇಟ್ಟಿದೆ. ಗುಲಾಮನ ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ, ಒಡೆಯನ ಹೆಸರು ಸಾಲುಸಾಲಾಗಿ ಬರೆದ ಪುಟಗಳು ಅವು. ನಮ್ಮ ಮೂರನೆಯ ಪದರಕ್ಕೆ ಇವೇ ಆಧಾರ.

ಸಾಮಗ್ರಿ

ಹಲಗೆಗೆ 12×16 ಇಂಚಿನ, 6 ಮಿಲಿಮೀಟರ್ ದಪ್ಪದ ಪ್ಲೈವುಡ್ ತೆಗೆದುಕೊಳ್ಳಿ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಗ್ಗ, ನುಣುಪೂ ಹೌದು. ಆದರೆ ಮುಂಬಯಿಯ ಜುಲೈ ತಿಂಗಳಿನ ತೇವಕ್ಕೆ ಅದರ ಅಂಚು ಉಬ್ಬುತ್ತದೆ. ಯಾವುದೇ ಬಡಗಿಯ ಅಂಗಡಿಯಲ್ಲಿ ಉಳಿಕೆ ಪ್ಲೈ ತುಂಡು ಸಿಗುತ್ತದೆ, ಅಳತೆಗೆ ಕತ್ತರಿಸಿಯೂ ಕೊಡುತ್ತಾರೆ. ಪೇಂಟ್ ಅಂಗಡಿಯಿಂದ ಸೀಮೆಸುಣ್ಣದ ಪುಡಿ, ನಯವಾದ ಪಾಲಿಶ್ ಪೇಪರ್, ಒಂದೂವರೆ ಇಂಚಿನ ಚಪ್ಪಟೆ ಬ್ರಶ್ಶು. ಕಲಾ ಸಾಮಗ್ರಿಯ ಅಂಗಡಿಯಿಂದ ಜೆಸ್ಸೊ (ಬಣ್ಣಕ್ಕೆ ಮುಂಚೆ ಬಳಿಯುವ ಬಿಳಿ ತಳಲೇಪ), ಅಕ್ರಿಲಿಕ್ ಮ್ಯಾಟ್ ಮೀಡಿಯಂ (ಅಂಟಿಸಲೂ ಮುಚ್ಚಲೂ ಬಳಸುವ, ಒಣಗಿದರೆ ಪಾರದರ್ಶಕವಾಗುವ ಹೊಳಪಿಲ್ಲದ ಲೇಪ; ಮುಂದೆ ಬರಿಯ ‘ಮೀಡಿಯಂ’ ಎಂದರೆ ಇದೇ), ಪ್ಯಾಲೆಟ್ ನೈಫ್ (ಬಣ್ಣ ಕಲಸಿ ಹಚ್ಚುವ ಮೊಂಡು ಚಾಕು), ಐದಾರು ಅಕ್ರಿಲಿಕ್ ಬಣ್ಣ. ತೆಳುವಾದ ನೇಪಾಳಿ ಕಾಗದ ಎರಡು ಹಾಳೆ ಬೇಕು. ಮೀಡಿಯಂ ಹಚ್ಚಿದಾಗ ಅದು ಅರೆಪಾರದರ್ಶಕವಾಗುತ್ತದೆ. ಜೊತೆಗೆ ಫೆವಿಕಾಲ್, ಒಂದು ಬಿಳಿ ಮೇಣದಬತ್ತಿ, ಸ್ವಲ್ಪ ಎಂ-ಸೀಲ್, ಒಂದು ಹಿತ್ತಾಳೆಯ ಕಾಗದದ ಪಿನ್ನು. ಅಬ್ದುಲ್ ರೆಹಮಾನ್ ಸ್ಟ್ರೀಟಿನ ಸ್ಟೇಷನರಿ ಸಾಲಿನಲ್ಲಿ ಒಮ್ಮೆ ನಡೆದುಬಂದರೆ ಕಾಗದದ ಕೆಲಸಕ್ಕೆ ಬೇಕಾದದ್ದೆಲ್ಲ ಮುಗಿಯುತ್ತದೆ.

ಮೊದಲ ಪದರ: ಕಲ್ಲು

ಹಲಗೆಯ ಎರಡೂ ಬದಿಗೆ ಮತ್ತು ನಾಲ್ಕೂ ಅಂಚಿಗೆ ಜೆಸ್ಸೊ ಬಳಿಯಿರಿ. ಮುಂದಿನ ಬದಿಗೆ ಮಾತ್ರ ಬಳಿದರೆ ಹಲಗೆ ಒಂದು ಕಡೆ ತೇವ ಹೀರಿ ಬಾಗುತ್ತದೆ. ಅದು ಒಣಗಿದ ಮೇಲೆ ಒಂದು ಪಾಲು ಫೆವಿಕಾಲಿಗೆ ಎರಡು ಪಾಲು ಸೀಮೆಸುಣ್ಣದ ಪುಡಿ, ಅರ್ಧ ಪಾಲು ಜರಡಿ ಹಿಡಿದ ಮರಳು ಸೇರಿಸಿ, ಹನಿಹನಿಯಾಗಿ ನೀರು ಬೆರೆಸಿ, ಚಟ್ನಿಯಷ್ಟು ಗಟ್ಟಿಯಾಗಿ ಕಲಸಿ. ಮರಳನ್ನು ಚೌಪಾಟಿಯ ಕಡಲತೀರದಿಂದ ತರಬೇಡಿ. ಅದರೊಳಗಿನ ಉಪ್ಪು ಹೋಗುವಷ್ಟು ತೊಳೆಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಕಟ್ಟಡದ ಕೆಲಸ ನಡೆಯುವಲ್ಲಿ ಒಂದು ಹಿಡಿ ಕೇಳಿ ತಂದು ತೊಳೆದುಕೊಂಡರೆ ಸಾಕು.

ಈ ಗಾರೆಯನ್ನು ಪ್ಯಾಲೆಟ್ ನೈಫಿನಿಂದ ಎರಡು ಮಿಲಿಮೀಟರಿಗೆ ಮೀರದಂತೆ ಎಳೆಯಬೇಕು. ದಪ್ಪವಾದರೆ ಒಣಗುವಾಗ ಬಿರಿಯುತ್ತದೆ. ವಿಲೆಮ್‌ಸ್ಟಾಡ್‌ನ ಹಳೆಯ ಗೋಡೆಗಳು ಹವಳಕಲ್ಲಿನವು, ಅದರ ತುಂಬ ಸಣ್ಣ ರಂಧ್ರಗಳು. ಗಾರೆ ಅರೆಒಣಗಿದ್ದಾಗ ಒರಟು ಸ್ಪಂಜನ್ನು ಒತ್ತಿ ತೆಗೆದರೆ ಆ ಮೈ ಬರುತ್ತದೆ. ನೆದರ್‌ಲೆಂಡ್ಸಿನಿಂದ ಬರುವ ಹಡಗುಗಳು ಅಡಿಭಾರಕ್ಕೆಂದು ತುಂಬಿ ತಂದ ಹಳದಿ ಇಟ್ಟಿಗೆಗಳನ್ನೂ ಆ ಊರಿನ ಕಟ್ಟಡಗಳಿಗೆ ಬಳಸಿದ್ದಾರೆ. ಆ ಇಟ್ಟಿಗೆಗಳು ಸಣ್ಣವು, ತೆಳುವು. ರಬ್ಬರನ್ನು ಪುಟ್ಟ ಆಯತವಾಗಿ ಕತ್ತರಿಸಿ ಹಲಗೆಯ ಬಲಗಡೆಯ ಕೆಳಮೂಲೆಯಲ್ಲಿ, ಕೋಟೆ ಬರುವ ಜಾಗದಲ್ಲಿ, ಮೂರು ನಾಲ್ಕು ಸಾಲು ಒತ್ತಿದರೆ ಸಾಕು. ಕಲ್ಲಿನ ಮೇಲೆ ತೆಳು ಕಂದುಬೂದಿ, ಇಟ್ಟಿಗೆಯ ಮೇಲೆ ಮಂಕಾದ ಹಳದಿ ಬಣ್ಣವನ್ನು ನೀರು ಮಾಡಿ ಹರಿಸಿ, ಬಟ್ಟೆಯಿಂದ ಒರೆಸಿ ಬಿಡಿ. ತಗ್ಗುಗಳಲ್ಲಿ ಮಾತ್ರ ಬಣ್ಣ ಉಳಿಯುತ್ತದೆ.

ಇದನ್ನೆಲ್ಲ ಪುಸ್ತಕದಿಂದ ಕಲಿಯುವುದಕ್ಕಿಂತ ಮಳೆಗಾಲ ಮುಗಿದ ಮೇಲೆ ಗಿರ್‌ಗಾಂವಿನ ಖೋತಾಚಿ ವಾಡಿಯಂಥ ಹಳೆಯ ಕೇರಿಗಳಲ್ಲಿ ಒಂದು ಸುತ್ತು ಹಾಕಿ ಬರುವುದು ಮೇಲು. ಗೋಡೆಯ ಬಣ್ಣ ನಡುವಿನಿಂದ ಏಳುವುದು ಕಡಿಮೆ. ಕಿಟಕಿಯ ಹಲಗೆಯ ಕೆಳಗೆ, ಪೈಪು ಹಾದುಹೋದ ಕಡೆ, ನೆಲದಿಂದ ಮೊಳಕಾಲೆತ್ತರದವರೆಗೆ, ಹೀಗೆ ನೀರು ನಿಂತಲ್ಲಿ ಏಳುತ್ತದೆ. ಎದ್ದ ಚಕ್ಕೆಯ ಅಂಚಿನಲ್ಲಿ ಒಂದರ ಹಿಂದೊಂದು ತೆಳು ಗೆರೆಗಳಾಗಿ ಹಿಂದಿನ ಬಣ್ಣಗಳು ಕಾಣುತ್ತವೆ: ಮೇಲೆ ಕೆನೆಹಳದಿ, ಅದರಡಿ ಹಸಿರು, ಅದರಡಿ ನೀಲಿ ಬೆರೆಸಿದ ಸುಣ್ಣ. ಈ ಅಂಚುಗಳ ಫೋಟೋ ತೆಗೆದುಕೊಳ್ಳಿ. ಕೊನೆಯ ಹಂತದಲ್ಲಿ ಬಣ್ಣ ಸುಲಿಯುವಾಗ ಸುಳ್ಳು ಸುಲಿತಕ್ಕೂ ನಿಜವಾದ ಸುಲಿತಕ್ಕೂ ವ್ಯತ್ಯಾಸ ತಿಳಿಯುವುದು ಅವುಗಳಿಂದಲೇ. ಮನೆಯವರ ಅನುಮತಿ ಕೇಳಿಯೇ ಫೋಟೋ ತೆಗೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ. ಅಲ್ಲಿ ಜನ ವಾಸವಾಗಿದ್ದಾರೆ.

ಎರಡನೆಯ ಪದರ: ನಕ್ಷೆ

ಬಂದರಿನ ಹಳೆಯ ನಕ್ಷೆಯನ್ನು ಹಲಗೆಯ ಅಳತೆಗೆ ಹಿಗ್ಗಿಸಿ, ಎಡಬಲ ತಿರುಗಿಸಿ, ಜೆರಾಕ್ಸ್ ಅಂಗಡಿಯಲ್ಲಿ ಲೇಸರ್ ಪ್ರಿಂಟ್ ತೆಗೆಸಿ. ಇಂಕ್‌ಜೆಟ್ ಪ್ರಿಂಟು ಈ ಕೆಲಸಕ್ಕೆ ಬರುವುದಿಲ್ಲ. ನೀರು ತಾಗಿದೊಡನೆ ಅದರ ಶಾಯಿ ಕದಡುತ್ತದೆ. ಲೇಸರಿನ ಟೋನರ್ ಪ್ಲಾಸ್ಟಿಕ್ ಪುಡಿಯಾದ್ದರಿಂದ ಮೀಡಿಯಂಗೆ ಹಿಡಿದುಕೊಳ್ಳುತ್ತದೆ. ಉತ್ತರ ಮೇಲಿರುವಂತೆ ಇಟ್ಟರೆ ಕೆಳಗೆ ಸಮುದ್ರ, ನಡುವೆ ಕೆಳಗಿನಿಂದ ಮೇಲಕ್ಕೆ ಹೋಗುವ ಸಿಂಟ್ ಆನ್ನಾ ಕೊಲ್ಲಿಯ ಕಿರಿದಾದ ನೀರು, ಬಲಕ್ಕೆ ಪುಂಡಾ, ಎಡಕ್ಕೆ ಓಟ್ರೊಬಾಂಡಾ, ಮೇಲ್ತುದಿಯಲ್ಲಿ ಕೊಲ್ಲಿ ಅಗಲವಾಗಿ ಹರಡುವ ಸ್ಖೊಟೆಗಾಟ್ ಎಂಬ ಒಳಬಂದರು. ಚಿತ್ರದ ಹಂದರಕ್ಕೆ ಇದಕ್ಕಿಂತ ಒಳ್ಳೆಯ ವಿನ್ಯಾಸವನ್ನು ನಾವು ಹುಡುಕಬೇಕಾಗಿಲ್ಲ, ಊರೇ ಅದನ್ನು ಕೊಟ್ಟಿದೆ.

ಒಣಗಿದ ಗಾರೆಯನ್ನು ನಯವಾದ ಪಾಲಿಶ್ ಪೇಪರಿನಿಂದ ಹಗುರವಾಗಿ ಉಜ್ಜಿ, ಧೂಳು ಒರೆಸಿ, ಮೀಡಿಯಂ ಅನ್ನು ಧಾರಾಳವಾಗಿ ಬಳಿದು, ಪ್ರಿಂಟನ್ನು ಮುಖ ಕೆಳಗಾಗಿ ಮಲಗಿಸಿ. ಹಳೆಯ ಎಟಿಎಂ ಕಾರ್ಡಿನಿಂದ ನಡುವಿನಿಂದ ಅಂಚಿಗೆ ಎಳೆಯುತ್ತ ಗಾಳಿಗುಳ್ಳೆಗಳನ್ನು ಹೊರಹಾಕಿ. ಚಳಿಗಾಲದಲ್ಲಿ ರಾತ್ರಿ ಕಳೆದರೆ ಒಣಗುತ್ತದೆ. ಮಳೆಗಾಲದಲ್ಲಿ ಫ್ಯಾನಿನ ಕೆಳಗೆ ಎರಡು ದಿನವಾದರೂ ಇಡಿ. ಹೇರ್ ಡ್ರೈಯರ್ ಹಿಡಿದು ಆತುರ ಮಾಡಿದರೆ ಮೇಲೆ ಪೊರೆ ಕಟ್ಟಿ ಒಳಗೆ ಹಸಿ ಉಳಿಯುತ್ತದೆ. ಒಣಗಿದ ಮೇಲೆ ಒದ್ದೆ ಬಟ್ಟೆ ಹಾಸಿ ಕಾಗದವನ್ನು ನೆನೆಸಿ, ಬೆರಳ ತುದಿಯಿಂದ ಸುತ್ತುಸುತ್ತಾಗಿ ಉಜ್ಜಿದರೆ ಕಾಗದದ ನಾರು ಸುರುಳಿಸುರುಳಿಯಾಗಿ ಎದ್ದು ಬರುತ್ತದೆ, ನಕ್ಷೆಯ ಗೆರೆ ಗಾರೆಯಲ್ಲಿ ಉಳಿಯುತ್ತದೆ. ಗಾರೆಯ ತಗ್ಗುಗಳಲ್ಲಿ ಗೆರೆ ಹಿಡಿಯದೆ ಅಲ್ಲಲ್ಲಿ ತುಂಡಾಗುತ್ತದೆ; ಅದನ್ನು ಪೆನ್ನಿನಿಂದ ತಿದ್ದಲು ಹೋಗಬೇಡಿ. ಕಡೆಗೆ ಒಂದು ಕೈ ಮೀಡಿಯಂ ಬಳಿದು ಮುಚ್ಚಿ. ಪ್ರತಿ ಪದರದ ಮೇಲೂ ಈ ಮುಚ್ಚಳ ಬೇಕು. ಇಲ್ಲದಿದ್ದರೆ ಮೇಲಿನದನ್ನು ಕೆರೆಯುವಾಗ ಕೆಳಗಿನದೂ ಕಿತ್ತುಬರುತ್ತದೆ.

ಮೂರನೆಯ ಪದರ: ಹೆಸರುಗಳು

ಇಲ್ಲಿ ಕೈಯ ಕೆಲಸ ಕಡಿಮೆ, ವಿವೇಚನೆಯ ಕೆಲಸ ಹೆಚ್ಚು. ಹಳೆಯ ಕೈಬರಹ ಕಂಡ ಕೂಡಲೇ ಅದನ್ನು ಚಂದದ ಹಿನ್ನೆಲೆಯಾಗಿ ಹರಡುವ ಅಭ್ಯಾಸ, ಕಾಗದದ ತುಂಡುಗಳನ್ನು ಅಂಟಿಸಿ ಕೊಲಾಜ್ ಚಿತ್ರ ಮಾಡುವವರಲ್ಲಿದೆ. ಗುಲಾಮರ ನೋಂದಣಿಯ ಪುಟವನ್ನು ಹಾಗೆ ಬಳಸುವುದು ನನಗೆ ಸರಿ ಕಾಣುವುದಿಲ್ಲ. ಅದರಲ್ಲಿರುವುದು ಮನುಷ್ಯರ ಹೆಸರುಗಳು, ಅವರ ತಾಯಂದಿರ ಹೆಸರುಗಳು. ಅವರ ವಂಶದವರು ಆ ಊರಿನಲ್ಲಿ ಇಂದಿಗೂ ಇದ್ದಾರೆ. ಆದ್ದರಿಂದ ಒಂದೇ ಪುಟವನ್ನು ಆರಿಸಿ, ಅದರಿಂದ ಏಳೆಂಟು ಸಾಲುಗಳನ್ನು ಮಾತ್ರ ತೆಗೆದುಕೊಂಡು, ಓದಲು ಬರುವಷ್ಟು ದೊಡ್ಡದಾಗಿ, ತಲೆಕೆಳಗು ಮಾಡದೆ, ಅಡ್ಡಡ್ಡ ಹರಿಯದೆ ಇರಿಸಬೇಕು. ನೇಪಾಳಿ ಕಾಗದವನ್ನು ಎ4 ಹಾಳೆಗೆ ಅಂಚಿನಲ್ಲಿ ಟೇಪು ಹಚ್ಚಿ ಅಂಟಿಸಿ ಲೇಸರ್ ಪ್ರಿಂಟರಿಗೆ ಕೊಡಬಹುದು. ಜೆರಾಕ್ಸ್ ಅಂಗಡಿಯವರು ಕಾಗದ ಸಿಕ್ಕಿಕೊಳ್ಳುತ್ತದೆಂದು ಒಪ್ಪದಿದ್ದರೆ, ಹೆಸರುಗಳನ್ನು ನೋಡಿ ನೀವೇ ಕಂದು ಶಾಯಿಯಲ್ಲಿ ನಕಲು ಮಾಡಿ. ಒಂದೊಂದು ಹೆಸರನ್ನೂ ಅಕ್ಷರ ಬಿಡದೆ ಬರೆಯುವಾಗ ಪುಟವನ್ನು ನಿಜವಾಗಿ ಓದಿದಂತಾಗುತ್ತದೆ, ಹಾಗಾಗಿ ನನಗೆ ಎರಡನೆಯ ದಾರಿಯೇ ಹೆಚ್ಚು ಇಷ್ಟ. ಶಾಯಿ ಮಾತ್ರ ನೀರಿಗೆ ಕದಡದ್ದಾಗಿರಲಿ.

ಈ ಸಾಲುಗಳನ್ನು ಬಲಗಡೆ, ಮುಂದೆ ಬಣ್ಣದ ಮನೆಗಳು ಬರುವ ಜಾಗದಲ್ಲೇ ಅಂಟಿಸಿ. ಎಡಗಡೆ, ಓಟ್ರೊಬಾಂಡಾ ಬದಿಯ ಕಡಲತೀರದ ಕಡೆ, 1795ರ ಗುರುತಿರಲಿ. ಫ್ರೆಂಚ್ ವಸಾಹತುಗಳಲ್ಲಿ ಗುಲಾಮರಿಗೆ ಬಿಡುಗಡೆಯಾಗಿದೆ, ಹಾಲೆಂಡ್ ಈಗ ಫ್ರೆಂಚರ ಅಧೀನ, ಆದ್ದರಿಂದ ನಮಗೂ ಬಿಡುಗಡೆ ಸಲ್ಲಬೇಕು ಎಂದು ವಾದಿಸಿದ ಟುಲಾನನ್ನು ಆ ವರ್ಷದ ಅಕ್ಟೋಬರ್ 3ರಂದು ಚಿತ್ರಹಿಂಸೆ ಕೊಟ್ಟು ಕೊಂದರು. ಡಚ್ ಸರಕಾರ ಅವನ ಹೆಸರಿನ ಮೇಲಿನ ಕಳಂಕವನ್ನು ಅಧಿಕೃತವಾಗಿ ತೊಡೆದದ್ದು 2023ರಲ್ಲಿ. ಇಂದು ಕಾಣುವ ಅವನ ಪ್ರತಿಮೆಗಳೂ ಚಿತ್ರಗಳೂ ಕಲಾವಿದರ ಕಲ್ಪನೆ; ಆದ್ದರಿಂದ ಯಾವುದೋ ಮುಖವನ್ನು ತಂದು ಅಂಟಿಸುವ ಬದಲು ಹೆಸರು ಮತ್ತು ದಿನಾಂಕವನ್ನು ಗಾರೆಯಲ್ಲಿ ಮೊಳೆಯಿಂದ ಕೊರೆಯಿರಿ. ಮುಂದೆ ಎಷ್ಟು ಬಣ್ಣ ಬಳಿದರೂ ಕೊರೆದ ಗೆರೆ ಓರೆ ಬೆಳಕಿನಲ್ಲಿ ಕಂಡೇ ಕಾಣುತ್ತದೆ.

ಫೋರ್ಟಿನ ಹೋಟೆಲುಗಳಲ್ಲಿ ಹಗಲು ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ನಮ್ಮ ಹಿರಿಯರ ಹೆಸರುಗಳೂ ಅಲ್ಲಿನ ಕಟ್ಟಡಗಳ ಮುಂದಿನ ಫಲಕಗಳಲ್ಲಿ ಇಲ್ಲ. ಅದನ್ನು ಗುಲಾಮಗಿರಿಯೊಂದಿಗೆ ತೂಗುವುದು ಅನ್ಯಾಯವಾದೀತು. ಆದರೂ ಮುಂಬಯಿ ಕನ್ನಡಿಗರೊಬ್ಬರು ತಮ್ಮ ಊರಿನ ಪದರಚಿತ್ರಕ್ಕೆ ಕೈಹಾಕಿದರೆ ಮೂರನೆಯ ಪದರದಲ್ಲಿ ಏನಿರಬೇಕೆಂದು ಅವರಿಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾಲ್ಕು ಮತ್ತು ಐದನೆಯ ಪದರ: ಸುಣ್ಣ, ಬಣ್ಣ

ಹೆಸರುಗಳ ಪದರವನ್ನು ಎರಡು ಕೈ ಮೀಡಿಯಂನಿಂದ ಮುಚ್ಚಿ ಚೆನ್ನಾಗಿ ಒಣಗಿಸಿ. ಈಗ ಮೊದಲೇ ಬರೆದಿಟ್ಟ ಕಿಂಡಿಗಳ ನಕ್ಷೆಯನ್ನು ನೋಡಿಕೊಂಡು, ಎಲ್ಲೆಲ್ಲಿ ಕೆಳಗಿನದು ಕಾಣಬೇಕೋ ಅಲ್ಲಿ ಮಾತ್ರ ಮೇಣದಬತ್ತಿಯನ್ನು ಒತ್ತಿ ಉಜ್ಜಿ. ಮೇಣದ ಮೇಲೆ ಅಕ್ರಿಲಿಕ್ ಬಣ್ಣ ಕೂರುತ್ತದೆ, ಆದರೆ ಹಿಡಿದುಕೊಳ್ಳುವುದಿಲ್ಲ. ಮೇಣ ಪಾರದರ್ಶಕವಾದ್ದರಿಂದ ಎಲ್ಲಿ ಉಜ್ಜಿದ್ದೇವೆಂದು ಮರೆತುಹೋಗುತ್ತದೆ; ಹಲಗೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಹೊಳಪು ಕಾಣುತ್ತದೆ, ಆ ಕೋನದಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.

ಇದರ ಮೇಲೆ ಬಿಳಿ ಬಳಿಯಬೇಕು. ಬಿಳಿ ಬಣ್ಣಕ್ಕೆ ಸ್ವಲ್ಪ ಸೀಮೆಸುಣ್ಣದ ಪುಡಿ ಬೆರೆಸಿದರೆ ಸುಣ್ಣದ ಮೈ ಬರುತ್ತದೆ. ಮನೆಗಳ ಜಾಗಕ್ಕೆ ಎರಡು ಕೈ. ನೀರಿನ ಜಾಗಕ್ಕೆ ಬೇಡ, ಅಲ್ಲಿ ನಕ್ಷೆಯ ಮೇಲೆ ತೆಳುವಾದ ನೀಲಿಹಸಿರು ಹರಿದರೆ ಸಾಕು. 1817ರವರೆಗೆ ಊರಿನ ಮನೆಗಳು ಹೆಚ್ಚಾಗಿ ಹೀಗೆ ಸುಣ್ಣ ಬಳಿದು ಬೆಳ್ಳಗಿದ್ದವು. ಆ ವರ್ಷ ಗವರ್ನರ್ ಆಲ್ಬರ್ಟ್ ಕಿಕ್ಕರ್ಟ್, ಬಿಳಿ ಗೋಡೆಗಳಿಗೆ ಬಡಿದ ಬಿಸಿಲಿನ ಪ್ರಖರತೆ ಕಣ್ಣಿಗೆ ಹಾನಿಯೆಂದು, ಮನೆಗಳಿಗೆ ಬಿಳಿಯ ಬದಲು ಬೇರೆ ಬಣ್ಣ ಹಚ್ಚಬೇಕೆಂದು ಆಜ್ಞೆ ಹೊರಡಿಸಿದ. ಅವನಿಗೆ ಬಿಸಿಲಿನಿಂದ ತಲೆನೋವು ಬರುತ್ತಿತ್ತೆಂದೂ, ಬಣ್ಣದ ವ್ಯಾಪಾರದಲ್ಲಿ ಅವನದೇ ಪಾಲಿತ್ತೆಂದೂ ಅಲ್ಲಿನ ಜನ ಹೇಳಿಕೊಂಡು ನಗುತ್ತಾರೆ, ಅದು ಬಾಯಿಮಾತು. ಗುಲಾಮಗಿರಿ ಇನ್ನೂ ನಾಲ್ಕೂವರೆ ದಶಕ ನಡೆಯಲಿದ್ದ ಊರಿನಲ್ಲಿ ಆಳುವವನ ಕಣ್ಣುರಿಗೆ ತಕ್ಷಣ ಪರಿಹಾರ ಸಿಕ್ಕಿತು ಎಂಬ ಸಂಗತಿಯೇ ಈ ಎರಡು ಪದರಗಳನ್ನು ಒಂದರ ಮೇಲೊಂದು ಬಳಿಯುವುದಕ್ಕೆ ಸಾಕಷ್ಟು ಕಾರಣ.

ಬಿಳಿ ಪೂರ್ತಿ ಒಣಗಿದ ಮೇಲೆ ಕಿಂಡಿಗಳ ಅಂಚಿನಲ್ಲಿ ಮತ್ತೊಮ್ಮೆ ಮೇಣ ಉಜ್ಜಿ. ಇದರಿಂದ ಬಣ್ಣ ಸುಲಿದಾಗ ಸುತ್ತ ಬಿಳಿಯ ಒಂದು ಅಂಚು ಉಳಿಯುತ್ತದೆ. ನಂತರ ಮನೆಗಳ ಬಣ್ಣ. ಐದು ಮನೆ ಸಾಕು, ಹೆಚ್ಚು ಬೇಡ. ಪೇಟೆಯ ಮೂಲೆಯಲ್ಲಿ 1708ರಲ್ಲಿ ಕಟ್ಟಿದ ಪೆನ್ಯಾ ಕಟ್ಟಡ ಹಳದಿಯದು. ಅದರ ಬಾಗುಬಳುಕಿನ ಬಿಳಿ ನೆತ್ತಿಯನ್ನು ಚೆನ್ನಾಗಿ ಬರೆದರೆ ಉಳಿದ ನಾಲ್ಕು ಸಾದಾ ಇದ್ದರೂ ಊರಿನ ಗುರುತು ಸಿಗುತ್ತದೆ. ಟ್ಯೂಬಿನ ಬಣ್ಣವನ್ನು ಹಾಗೆಯೇ ಹಚ್ಚಿದರೆ ಮಿಠಾಯಿ ಅಂಗಡಿಯಂತೆ ಕಾಣುತ್ತದೆ. ಪ್ರತಿಯೊಂದಕ್ಕೂ ಚಿಟಿಕೆ ಕಾವಿ ಬೆರೆಸಿ ತಗ್ಗಿಸಿ. ಎರಡು ಕೈ ದಪ್ಪವಾಗಿ ಬಳಿಯಿರಿ. ತೆಳುವಾಗಿದ್ದರೆ ಸುಲಿಯುವಾಗ ಪುಡಿಯಾಗುತ್ತದೆ, ಚಕ್ಕೆಯಾಗಿ ಏಳುವುದಿಲ್ಲ. ಕಿಟಕಿ, ಬಾಗಿಲು, ಮಾಡಿನ ಅಂಚನ್ನು ಸಣ್ಣ ಬ್ರಶ್ಶಿನಿಂದ ಈಗಲೇ ಮುಗಿಸಿ. ಕೆರೆದ ಮೇಲೆ ಬರೆದರೆ ಸುಳ್ಳೆನಿಸುತ್ತದೆ.

ಸುಲಿಯುವುದು

ಒಂದು ದಿನ ಬಿಟ್ಟು, ಪ್ಯಾಲೆಟ್ ನೈಫಿನ ಮೊಂಡು ತುದಿಯನ್ನು ಮೇಣವಿರುವಲ್ಲಿ ಅಡ್ಡಲಾಗಿ ತೂರಿಸಿ ಮೆಲ್ಲನೆ ಎತ್ತಿ. ಬಣ್ಣ ಚರ್ಮದಂತೆ ಏಳುತ್ತದೆ. ಬೆರಳಿನಿಂದ ಎಳೆದು, ತಾನಾಗಿ ಹರಿಯುವಲ್ಲಿಗೆ ನಿಲ್ಲಿಸಿ. ಬ್ಲೇಡಿನಿಂದ ಕತ್ತರಿಸಿದ ಅಂಚು ಗೋಡೆಯ ಅಂಚಿನಂತೆ ಕಾಣುವುದಿಲ್ಲ. ಕಿಂಡಿ ಒಂದರಲ್ಲಿ ಹೆಸರಿನ ಸಾಲು ಪೂರ್ತಿ ಕಾಣಲಿ, ಇನ್ನೊಂದರಲ್ಲಿ ಅರ್ಧ ಹೆಸರು ಬಣ್ಣದಡಿ ಹೋಗಲಿ, ಕೆಳಗಿನ ಒಂದು ಕಡೆ ಹೆಸರೂ ನಕ್ಷೆಯೂ ದಾಟಿ ಬರಿಯ ಕಲ್ಲಿನವರೆಗೆ ಕೆರೆಯಿರಿ. ಎಲ್ಲ ಮನೆಯನ್ನೂ ಸುಲಿಯಬೇಡಿ. ಒಂದೆರಡು ಮನೆ ಹೊಸ ಪೇಂಟಿನಂತೆ ಅಚ್ಚುಕಟ್ಟಾಗಿಯೇ ಇರಬೇಕು, ಏಕೆಂದರೆ ಇಂದಿನ ಹಾಂಡೆಲ್ಸ್‌ಕಾಡೆ ಹಾಗೆಯೇ ಇದೆ. ಉಳಿದ ಮೇಣವನ್ನು ಹೇರ್ ಡ್ರೈಯರಿನ ಬಿಸಿಗಾಳಿಗೆ ಕರಗಿಸಿ ಟಿಶ್ಯೂ ಕಾಗದದಿಂದ ಒತ್ತಿ ತೆಗೆಯಬೇಕು; ಮೇಣ ಉಳಿದರೆ ವಾರ್ನಿಶ್ ನಿಲ್ಲುವುದಿಲ್ಲ.

ಆ ಊರಿನ ಗೋಡೆಗಳೊಳಗೆ ಸೇರಿಕೊಂಡ ಉಪ್ಪು ತೇವದೊಂದಿಗೆ ಮೇಲೆ ಬಂದು ಬಣ್ಣವನ್ನು ಎಬ್ಬಿಸುತ್ತದೆಯೆಂದು ಓದಿದವರು, ಚಿತ್ರದಲ್ಲೂ ನಿಜವಾದ ಉಪ್ಪನ್ನು ಬಳಸಲು ಆಸೆಪಡುತ್ತಾರೆ. ಬೇಡ. ಮುಂಬಯಿಯ ಮಳೆಗಾಲದಲ್ಲಿ ಅದು ಚಿತ್ರದೊಳಗೂ ಅದೇ ಕೆಲಸವನ್ನು ಮಾಡುತ್ತದೆ, ನೀವು ಹೇಳಿದಲ್ಲಿ ಅಲ್ಲ, ಅದಕ್ಕೆ ಬೇಕಾದಲ್ಲಿ. ಒಣ ಬ್ರಶ್ಶಿಗೆ ಸ್ವಲ್ಪ ಬಿಳಿ ತಾಗಿಸಿ ಗೋಡೆಯ ಬುಡದಲ್ಲಿ ಚುಕ್ಕೆಯಾಗಿ ಒತ್ತಿದರೆ ಉಪ್ಪು ಹೂತ ನೋಟ ಬರುತ್ತದೆ.

ಸಣ್ಣ ಗುರುತುಗಳು

ಮೇಲ್ತುದಿಯ ಒಳಬಂದರಿನ ಮೇಲೆ, ಮೀಡಿಯಂನಲ್ಲಿ ಬಹಳ ತೆಳುವಾಗಿ ಕಲಸಿದ ಕಡುಕಂದು ಬಣ್ಣವನ್ನು ಒಂದೇ ಬಾರಿ ಎಳೆಯಿರಿ. ವೆನೆಜುವೆಲಾದ ಕಚ್ಚಾತೈಲವನ್ನು ಶುದ್ಧಿಮಾಡಲು ಶೆಲ್ ಕಂಪನಿ ನಿಲ್ಲಿಸಿದ ಸಂಸ್ಕರಣಾಗಾರ ಆ ನೀರಿನ ದಡದಲ್ಲಿದೆ. 1969ರ ಬೆಂಕಿಗೆ ಕಾಗದದ ಅಂಚು ಸುಟ್ಟು ತೋರಿಸುವುದು ಹಳೆಯ ಉಪಾಯ, ಅದನ್ನು ಬಿಟ್ಟುಬಿಡಬಹುದು. ಕೋಟೆಯೊಳಗಿನ ಚರ್ಚಿನ ಗೋಡೆಯಲ್ಲಿ, 1804ರ ಬ್ರಿಟಿಷ್ ಮುತ್ತಿಗೆಯಲ್ಲಿ ಬಡಿದ ಫಿರಂಗಿಗುಂಡು ಇಂದಿಗೂ ಸಿಕ್ಕಿಕೊಂಡಿದೆ. ಸಾಸಿವೆ ಗಾತ್ರದ ಎಂ-ಸೀಲ್ ಗುಳಿಗೆಯನ್ನು ಅಲ್ಲಿ ಒತ್ತಿ ಕಪ್ಪು ಬಳಿಯಬಹುದು. ಸಾಸಿವೆ ಕಾಳನ್ನೇ ಅಂಟಿಸಿದರೆ ಹುಳ ಬೀಳುತ್ತದೆ. ಸಿನಗಾಗ್ ಇರುವಲ್ಲಿ ಕಾಲಿಂಚು ಅಗಲದ ಜಾಗಕ್ಕೆ ಫೆವಿಕಾಲ್ ಹಚ್ಚಿ ನಯವಾದ ಮರಳು ಉದುರಿಸಿ.

ತೇಲುಸೇತುವೆಗೆ ಮಾತ್ರ ಸ್ವಲ್ಪ ಹೆಚ್ಚು ಶ್ರಮ ಹಾಕಬೇಕು. ದೋಣಿಗಳ ಸಾಲಿನ ಮೇಲೆ ನಿಂತಿರುವ ಕ್ವೀನ್ ಎಮ್ಮಾ ಸೇತುವೆ ಹಡಗು ಬಂದಾಗ ಓಟ್ರೊಬಾಂಡಾ ಬದಿಯ ಕೀಲಿನ ಮೇಲೆ ತಿರುಗಿ ದಡಕ್ಕೆ ಸರಿದು ನಿಲ್ಲುತ್ತದೆ. ಐಸ್‌ಕ್ರೀಂ ಕಡ್ಡಿಯೊಂದನ್ನು ಕೊಲ್ಲಿಯ ಅಗಲಕ್ಕೆ ಕತ್ತರಿಸಿ, ಕೆಳಗೆ ದಪ್ಪ ರಟ್ಟಿನ ಪುಟ್ಟ ದೋಣಿಗಳನ್ನು ಅಂಟಿಸಿ, ಎಡತುದಿಯಲ್ಲಿ ತೂತು ಮಾಡಿ, ಹಲಗೆಗೂ ತೂತು ಕೊರೆದು ಹಿತ್ತಾಳೆಯ ಪಿನ್ನಿನಿಂದ ಸಡಿಲವಾಗಿ ಕೂರಿಸಿ. ಹಲಗೆಗೆ ತೂತನ್ನು ಮೊದಲ ಪದರಕ್ಕಿಂತ ಮುಂಚೆಯೇ ಕೊರೆದಿಟ್ಟುಕೊಂಡರೆ ಕೊನೆಯಲ್ಲಿ ಗಾರೆ ಒಡೆಯುವ ಭಯವಿಲ್ಲ. ಹಿಂದೆ ಈ ಸೇತುವೆಗೆ ಸುಂಕವಿತ್ತು, ಬರಿಗಾಲಿನಲ್ಲಿ ಬಂದವರಿಗೆ ಸುಂಕವಿರಲಿಲ್ಲವೆಂದೂ, ಅಭಿಮಾನಿಗಳಾದ ಬಡವರು ಚಪ್ಪಲಿ ಸಾಲ ತಂದು ಸುಂಕ ಕೊಟ್ಟೇ ದಾಟುತ್ತಿದ್ದರೆಂದೂ ಅಲ್ಲಿ ಕಥೆ ಹೇಳುತ್ತಾರೆ. ಸೇತುವೆಯನ್ನು ಪಕ್ಕಕ್ಕೆ ತಿರುಗಿಸಿದಾಗ ಮಾತ್ರ ಕಾಣುವಂತೆ ಅದರಡಿಯ ನೀರಿನಲ್ಲಿ 1863 ಎಂದು ಸಣ್ಣದಾಗಿ ಬರೆಯಬಹುದು.

ಮುಗಿಸುವ ಕೆಲಸ

ಸ್ಪ್ರೇ ವಾರ್ನಿಶ್ ಬಳಸುವವರು ಮಳೆಗಾಲದಲ್ಲಿ ಬಳಸಬಾರದು. ಗಾಳಿಯ ತೇವಕ್ಕೆ ಅದು ಬೆಳ್ಳಗೆ ಮಂಜು ಹಿಡಿಯುತ್ತದೆ. ಬ್ರಶ್ಶಿನಿಂದ ಬಳಿಯುವ ಮ್ಯಾಟ್ ವಾರ್ನಿಶ್ ಒಂದು ತೆಳು ಕೈ ಸಾಕು. ಚೌಕಟ್ಟು ಪೆಟ್ಟಿಗೆಯಂತೆ ಒಂದಿಂಚು ಆಳವಿರಲಿ. ಗಾಜು ಹಾಕಿಸುವುದಾದರೆ ಚಿತ್ರಕ್ಕೂ ಗಾಜಿಗೂ ನಡುವೆ ಅರ್ಧ ಇಂಚಾದರೂ ಅಂತರ ಬಿಡಿಸಬೇಕು, ಇಲ್ಲದಿದ್ದರೆ ತೇವಕ್ಕೆ ಬಣ್ಣ ಗಾಜಿಗೆ ಅಂಟುತ್ತದೆ. ಆದರೆ ಗಾಜು ಹಾಕಿದರೆ ಸೇತುವೆಯನ್ನು ಯಾರೂ ತಿರುಗಿಸಲಾರರು, ಹಾಗಾಗಿ ನನ್ನ ಮತ ಗಾಜು ಬೇಡವೆಂದೇ. ಮಳೆ ಬಡಿಯುವ ಹೊರಗೋಡೆಗೆ ತೂಗುಹಾಕಬೇಡಿ. ಹಿಂಬದಿಯ ನಾಲ್ಕು ಮೂಲೆಗೂ ರಬ್ಬರಿನ ಗುಂಡಿ ಅಂಟಿಸಿದರೆ ಗೋಡೆಗೂ ಹಲಗೆಗೂ ನಡುವೆ ಗಾಳಿಯಾಡುತ್ತದೆ, ಬೆಳ್ಳಿಹುಳಕ್ಕೆ ಅಡಗುತಾಣ ಸಿಗುವುದಿಲ್ಲ.

ಹಿಂಬದಿಯಲ್ಲಿ ಒಂದು ಚೀಟಿ ಇರಲಿ. ನಕ್ಷೆ ಯಾವ ಪತ್ರಾಗಾರದ್ದು, ಹೆಸರುಗಳು ಯಾವ ವರ್ಷದ ನೋಂದಣಿ ಪುಟದವು, ಎಲ್ಲೆಲ್ಲಿ ಮೇಣ ಬಳಸಲಾಗಿದೆ, ಯಾವ ಮೀಡಿಯಂ, ಯಾವ ವಾರ್ನಿಶ್ ಎಂಬುದನ್ನು ಪೆನ್ಸಿಲಿನಲ್ಲಿ ಬರೆಯಿರಿ. ಮೊದಲು ತಯಾರಿಸಿದ ಕಿಂಡಿಗಳ ನಕ್ಷೆಯನ್ನೂ ಮಡಚಿ ಅದರ ಜೊತೆಗೇ ಒಂದು ಪ್ಲಾಸ್ಟಿಕ್ ಲಕೋಟೆಯಲ್ಲಿ ಇಟ್ಟು ಹಿಂದೆ ಅಂಟಿಸಿದರೆ, ನಾಲ್ಕಾರು ಮಳೆಗಾಲ ಕಳೆದು ಯಾವುದಾದರೂ ಚಕ್ಕೆ ತಾನಾಗಿ ಎದ್ದಾಗ ಅದನ್ನು ಮತ್ತೆ ಅಂಟಿಸಬೇಕೋ ಬಿಡಬೇಕೋ ಎಂದು ರಿಪೇರಿಗೆ ಕೂರುವವರು ತೀರ್ಮಾನಿಸಬಹುದು.